ಹಾಡುವುದು ಈಗ, ಕೇಳುವುದು ಆಮೇಲೆ

ಹಾಸನದ ಹಾರ್ಮೋನಿಯಂ: ಹಳೇ ಲ್ಯಾಪ್‌ಟಾಪಿಗೆ ಉಬುಂಟು ಸ್ಟುಡಿಯೋ (ಆಡಿಯೋ, ವಿಡಿಯೋ ಕೆಲಸಕ್ಕೆ ಹೊಂದಿಸಿದ ಲಿನಕ್ಸ್) ಹಾಕಿ, ಮಾಳಿಗೆ ರೂಮಿನಲ್ಲಿ ಅಕ್ಕನ ಭಾವಗೀತೆ ರೆಕಾರ್ಡ್ ಮಾಡುತ್ತಿದ್ದೇನೆ. ರೆಕಾರ್ಡಿಂಗ್ ತಂತ್ರಾಂಶ ಆರ್ಡರ್ (Ardour, ಹೋಟೆಲಿನ ಆರ್ಡರ್ ಅಲ್ಲ). ಅವಳು ಹಾಡಿದ್ದು ಹೆಡ್‌ಫೋನಿಗೆ ತಡವಾಗಿ ಬರುತ್ತದೆ. ಪಲ್ಲವಿ ಮುಗಿಯುವಷ್ಟರಲ್ಲಿ ತಾಳ ತಪ್ಪುತ್ತದೆ. ರಿಯಲ್‌ಟೈಮ್ ಕರ್ನಲ್ (ತುರ್ತಿನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುವ ಲಿನಕ್ಸ್ ತಿರುಳು) ಹಾಕಲೇಬೇಕಾ?

ಗಿರಿ ಗಿಟಾರ್: ಹಾಕಲೇಬೇಕು. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಮಾಮೂಲಿ ಕರ್ನಲ್‌ನಲ್ಲಿ ಬಫರ್ (ದನಿಯನ್ನು ತುಸು ಹೊತ್ತು ಕೂಡಿಡುವ ಜಾಗ) ಇಳಿಸಿದರೆ ಪಟಪಟ ಸದ್ದು, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ.

ಬೇಲೂರಿನವ: ತಡೀರಿ, ಅದು ಬೇರೆ ರೋಗ. ಸಿಡಿಯುವುದು ಒಂದು, ತಡವಾಗುವುದು ಇನ್ನೊಂದು. ಮೊದಲು ಬಫರ್ ಎಷ್ಟಿದೆ ನೋಡಿ. 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ದನಿಯ 48,000 ಸ್ಯಾಂಪಲ್) 1024 ಸ್ಯಾಂಪಲ್ ಅಂದರೆ 21 ಮಿಲಿಸೆಕೆಂಡ್. ಒಳಗೆ ಬರಲು ಅಷ್ಟು, ಹೊರಗೆ ಹೋಗಲು ಮತ್ತಷ್ಟು. 256ಕ್ಕೆ ಇಳಿಸಿದರೆ ಎರಡೂ ಸೇರಿ ಸುಮಾರು 11. ಭಜನೆಯಲ್ಲಿ ಹನ್ನೆರಡು ಅಡಿ ದೂರ ಕೂತ ತಬಲದ ಸದ್ದು ಕಿವಿಗೆ ಬರಲೂ ಅಷ್ಟೇ ಹೊತ್ತು ಬೇಕು. ಅದಕ್ಕೆ ಯಾರೂ ತಾಳ ತಪ್ಪುವುದಿಲ್ಲ, ಅಲ್ವಾ?

ಗಿರಿ ಗಿಟಾರ್: ಇಳಿಸಿದರೆ ಸಿಡಿಯುತ್ತದೆ ಅಂತಲೇ ನಾನು ಹೇಳಿದ್ದು. ಪ್ರೊಸೆಸರ್ ಬೇರೆ ಕೆಲಸಕ್ಕೆ ಓಡಿದರೆ ಬಫರ್ ಖಾಲಿ ಬೀಳುತ್ತದೆ. ರಿಯಲ್‌ಟೈಮ್ ಈಗ ಅಪರೂಪದ್ದೂ ಅಲ್ಲ, 2024ರಲ್ಲಿ 6.12ನೇ ಕರ್ನಲ್‌ಗೇ ಸೇರಿದೆ.

ಬೇಲೂರಿನವ: ಸೇರಿದೆ, ಆದರೆ ಆ ಆಯ್ಕೆ ಹಾಕಿ ಕಟ್ಟಿದ ಕರ್ನಲ್ ಬೇಕಲ್ಲ. ಅದಕ್ಕೂ ಮೊದಲು ವೈಫೈ ಆಫ್ ಮಾಡಿ, ಪ್ರೊಸೆಸರನ್ನು ಪರ್ಫಾರ್ಮೆನ್ಸ್‌ಗೆ ಇಡಿ, ನಿಮ್ಮ ಯೂಸರ್ ಆಡಿಯೋ ಗುಂಪಿನಲ್ಲಿ (ದನಿಯ ಕೆಲಸಕ್ಕೆ ಆದ್ಯತೆ ಪಡೆಯುವ ಅನುಮತಿ) ಇದೆಯಾ ನೋಡಿ. ನನ್ನದರಲ್ಲಿ ಅಷ್ಟಕ್ಕೇ ಸಿಡಿಯುವುದು ನಿಂತಿತು.

ಸಕಲೇಶಪುರದ ಮಳೆ: ಸುಮ್ನೆ ಜಗಳ ನಿಮ್ಮದು. ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ) ಮೇಲೆ ಡೈರೆಕ್ಟ್ ಮಾನಿಟರ್ ಅಂತ ಗುಂಡಿ ಇದೆಯಾ? ಒತ್ತಿ. ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಹೆಡ್‌ಫೋನಿಗೆ ಹೋಗುತ್ತದೆ. ಆರ್ಡರ್‌ನ ಮಾನಿಟರಿಂಗ್ (ಹಾಡಿದ್ದನ್ನು ಆಗಲೇ ವಾಪಸ್ ಕೇಳಿಸುವುದು) ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಅಕ್ಕನಿಗೆ ಇಬ್ಬರು ಅಕ್ಕಂದಿರು ಕೇಳಿಸುತ್ತಾರೆ. ಬಫರ್ 1024 ಇದ್ದರೂ ಪರವಾಗಿಲ್ಲ. ನಮ್ಮ ಕಡೆ ತಗಡಿನ ಮೇಲೆ ಮಳೆ ಶುರುವಾದರೆ ಯಾವ ಕರ್ನಲ್ಲೂ ಉಳಿಸುವುದಿಲ್ಲ, ಅದು ಬೇರೆ ಮಾತು.

ಗಿರಿ ಗಿಟಾರ್: ಹಾಡಿಗೆ ಸರಿ. ನನಗೆ ಗಿಟಾರಿಕ್ಸ್ ಅನ್ನುವ ಗಿಟಾರ್ ತಂತ್ರಾಂಶದ ಡಿಸ್ಟಾರ್ಷನ್ (ಒಡೆದ ದನಿ) ನುಡಿಸುವಾಗಲೇ ಕೇಳಬೇಕು. ನೇರ ದನಿಯಲ್ಲಿ ಅದು ಎಲ್ಲಿಂದ ಬರಬೇಕು?

ಬೇಲೂರಿನವ: ಅದು ನಿಜ. ನಿಮಗೆ ಬಫರ್ ಇಳಿಸದೆ ಗತಿಯಿಲ್ಲ.

ಹಾಸನದ ಹಾರ್ಮೋನಿಯಂ: ಗುಂಡಿ ಇತ್ತು! ಪೂರ್ತಿ ತಾಳದಲ್ಲೇ ಹಾಡಿದಳು. ಆದರೆ ರೆಕಾರ್ಡಿಂಗ್‌ನಲ್ಲಿ ಗುಂಯ್ ಅನ್ನುವ ಸದ್ದು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ.

ಸಕಲೇಶಪುರದ ಮಳೆ: ಮನೆಯ ಅರ್ಥಿಂಗ್ ತೋರಿಸಿ. ಅಲ್ಲಿವರೆಗೆ ಬ್ಯಾಟರಿಯಲ್ಲೇ ಮಾಡಿ.

ಹಾಸನದ ಹಾರ್ಮೋನಿಯಂ: ಬ್ಯಾಟರಿ ಬರುವುದು 40 ನಿಮಿಷ. ಹಾಡು ಐದು ನಿಮಿಷದ್ದು. ಅಕ್ಕನಿಗೆ ಇಪ್ಪತ್ತು ಟೇಕ್ ಬೇಕು.