ಮಟ್ಟು ಊರಿನದು, ಹಕ್ಕು ಯಾರದು?

ಬದಿಯಡ್ಕ_ಭಾಮಿನಿ
ನಮ್ಮ ಮಾವ ಯಕ್ಷಗಾನದ ಪದ ಹಾಡುವ ಭಾಗವತರಾಗಿದ್ದರು. ಅವರು ಹಾಡಿದ ‘ಪಂಚವಟಿ’ ಪ್ರಸಂಗದ ಕ್ಯಾಸೆಟ್ ಹಾಳಾಗುವ ಮೊದಲು ಮೊಬೈಲಿಗೆ ಇಳಿಸಿ, ಊರವರಿಗೂ ಸಿಗಲಿ ಎಂದು ವಿಡಿಯೊ ತಾಣಕ್ಕೆ ಏರಿಸಿದ್ದೆ. ಈಗ ಹಕ್ಕುಸ್ವಾಮ್ಯದ ನೋಟಿಸ್ ಬಂದಿದೆ. ಹಕ್ಕುದಾರರೆಂದು ಕಾಣಿಸುತ್ತಿರುವುದು ಇತ್ತೀಚೆಗೆ ಬಂದ ಒಂದು ಆಲ್ಬಂ ಹಾಡಿನ ತಂಡ! ಆ ಹಾಡನ್ನು ಹುಡುಕಿ ಕೇಳಿದೆ. ಪಲ್ಲವಿಯ ಧಾಟಿ ಮಾವ ಹಾಡುತ್ತಿದ್ದ ಮಟ್ಟೇ. ಎರಡನೆಯ ಸಾಲಿನ ಕೊನೆಯಲ್ಲಿ ದನಿ ಮೇಲಕ್ಕೇರಿ, ಅಲ್ಲೇ ನಿಂತು, ಚೆಂಡೆಯ ಪೆಟ್ಟು ಬಿದ್ದ ಮೇಲೆ ಇಳಿಯುತ್ತದಲ್ಲ, ಅದನ್ನೂ ಬಿಟ್ಟಿಲ್ಲ. ಚೆಂಡೆಯ ಜಾಗದಲ್ಲಿ ಗಿಟಾರ್ ಇದೆ, ಅಷ್ಟೇ. ವಿವರಣೆಯಲ್ಲಿ ಯಕ್ಷಗಾನದ ಹೆಸರೇ ಇಲ್ಲ. ‘ಸಂಗೀತ ಸಂಯೋಜನೆ’ ಎಂದು ಹುಡುಗನೊಬ್ಬನ ಹೆಸರಿದೆ. ಸಾಲ ಪಡೆದವರೇ ಕೊಟ್ಟವರ ಮನೆಗೆ ನೋಟಿಸ್ ಕಳುಹಿಸಿದರೆ ಯಾರಲ್ಲಿ ಹೇಳಿಕೊಳ್ಳುವುದು?

ಸ್ಟುಡಿಯೊ_ಉಪ್ಪಳ
ಅಕ್ಕ, ಆ ನೋಟಿಸನ್ನು ಹುಡುಗರು ಕೂತು ಬರೆದಿರಲಿಕ್ಕಿಲ್ಲ. ಹಾಡು ವಿತರಕರ ಮೂಲಕ ತಾಣಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಯಂತ್ರವೇ ಎಲ್ಲ ವಿಡಿಯೊಗಳ ಧ್ವನಿಯನ್ನು ಹೋಲಿಸಿ ನೋಡುತ್ತದೆ. ಧಾಟಿ ಹತ್ತಿರವಾದರೂ ಹಿಡಿಯುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.
ಇನ್ನು ಮಟ್ಟಿನ ಮಾತು. ಒಂದೇ ರಾಗ, ಒಂದೇ ತಾಳ ಹಿಡಿದರೆ ಸ್ವರಗಳು ಹೋಲುವುದು ಸಹಜ. 2022ರಲ್ಲಿ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡಿನ ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ‘ನವರಸಂ’ನ ನಕಲು ಎಂದು ಆರೋಪ ಮಾಡಿದಾಗ ಸಂಗೀತ ನಿರ್ದೇಶಕರು ಹೇಳಿದ್ದೂ ಇದನ್ನೇ. ಹೋಲಿಕೆಯನ್ನೆಲ್ಲ ಕಳ್ಳತನ ಎಂದರೆ ನಮ್ಮ ಕಾಸರಗೋಡು ಜಿಲ್ಲೆಯ ಹುಡುಗರು ಏನನ್ನೂ ಕಟ್ಟುವಂತಿಲ್ಲ.

ಮಂಜೇಶ್ವರ_ವಕೀಲ
ಆ ಪ್ರಕರಣ ಇಲ್ಲಿಗೆ ಸರಿಹೊಂದುವುದಿಲ್ಲ. ಅಲ್ಲಿ ಇಬ್ಬರೂ ಈಗಿನ ಕಾಲದವರು, ಎರಡೂ ಹೊಸ ರಚನೆಗಳು. ಕೋಝಿಕ್ಕೋಡ್ ನ್ಯಾಯಾಲಯ ಕೊಟ್ಟದ್ದು ತಾತ್ಕಾಲಿಕ ತಡೆಯಾಜ್ಞೆ. ಚಿತ್ರ ಆ ನವೆಂಬರಿನಲ್ಲಿ ಒಟಿಟಿಗೆ ಬಂದಾಗ ಹಾಡಿನ ಧಾಟಿ ಬೇರೆ ಇತ್ತು, ಸ್ವಲ್ಪ ದಿನದಲ್ಲಿ ಮೂಲ ಹಾಡೇ ಮರಳಿತು. ರಾಗಕ್ಕೆ ಯಾರೂ ಒಡೆಯರಲ್ಲ, ಒಪ್ಪುತ್ತೇನೆ. ಆದರೆ ಆ ರಾಗದಲ್ಲಿ ಒಬ್ಬರು ಕಟ್ಟಿದ ಹಾಡಿಗೆ ಒಡೆಯರು ಇರುತ್ತಾರೆ.
ಭಾಮಿನಿಯವರ ವಿಷಯಕ್ಕೆ ಬರೋಣ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಸಂಗೀತ ಕೃತಿಯ ಹಕ್ಕು ರಚನಕಾರರ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ. ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲದಿಂದ ಬಾಯಿಂದ ಬಾಯಿಗೆ ಬಂದ ಮಟ್ಟಿಗೆ ಇದು ಅನ್ವಯಿಸುವುದೇ ಇಲ್ಲ. ಆ ಹುಡುಗನಿಗೆ ಹಕ್ಕಿರುವುದು ತಾನು ಹೊಸದಾಗಿ ಸೇರಿಸಿದ್ದಕ್ಕೆ ಮತ್ತು ತನ್ನ ರೆಕಾರ್ಡಿಂಗಿಗೆ ಮಾತ್ರ. ಹಳೆಯ ದನಿಯನ್ನು ತಡೆಯುವ ಹಕ್ಕು ಅವನಿಗೆ ಹುಟ್ಟುವುದಿಲ್ಲ.
ಒಂದು ಪ್ರಶ್ನೆ: ಅದು ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟೋ, ಮನೆಯವರು ರೆಕಾರ್ಡ್ ಮಾಡಿದ್ದೋ? ಕೊಂಡದ್ದಾದರೆ ಧ್ವನಿಮುದ್ರಿಕೆಯ ಹಕ್ಕು, ಪ್ರಕಟವಾದಲ್ಲಿಂದ 60 ವರ್ಷ, ಆ ಕಂಪನಿಯದು.

ಬದಿಯಡ್ಕ_ಭಾಮಿನಿ
ಮನೆಯವರೇ ಮಾಡಿದ್ದು. ನನ್ನ ಭಾವ ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ರಾತ್ರಿಯಿಡೀ ಕೂತಿದ್ದರು. ಶೂರ್ಪನಖಿಯ ಪ್ರವೇಶದ ನಡುವೆ ಕಡಲೆ ಮಾರುವವನ ಕೂಗು ಕೇಳುತ್ತದೆ. ಕ್ಯಾಸೆಟ್ ಮಗುಚಿ ಹಾಕಿದಲ್ಲಿ ಅರ್ಧ ಪದ ಹೋಗಿದೆ.

ಕುಂಬಳೆ_ಮಾಷ್ಟ್ರು
ವಕೀಲರು ಕಾನೂನು ಹೇಳಿದರು, ನಾನು ರೂಢಿ ಹೇಳುತ್ತೇನೆ. ಎರವಲು ನಮ್ಮ ಸಂಗೀತಕ್ಕೆ ಹೊಸದಲ್ಲ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ಕಥಕಳಿಗೆ ಮೂಲವಾದ ಕೇರಳದ ರಾಮನಾಟ್ಟಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಹಿಂದೆಯೇ ಚರ್ಚಿಸಿದ್ದಾರೆ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಚೆಂಡೆಯೂ ಕಥಕಳಿಯ ಚೆಂಡೆಯೂ ಒಂದೇ ಬಳಗ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡ್ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತದ ಸಾಹಿತ್ಯ ಬರೆದರು. ‘ಸಂತತಂ ಪಾಹಿಮಾಂ’ ಹಾಡಿದರೆ ಬ್ರಿಟಿಷರ ರಾಷ್ಟ್ರಗೀತೆಯೇ ಕಿವಿಗೆ ಬೀಳುತ್ತದೆ. ಆದರೆ ಆ ರಚನೆಗಳಿಗೆ, ಇಂಗ್ಲಿಷಿನ ‘ನೋಟ್’ ಸೇರಿಸಿ, ನೊಟ್ಟುಸ್ವರ ಎಂದೇ ಹೆಸರು. ಮೂಲ ಎಲ್ಲಿಯದು ಎಂಬುದು ಹೆಸರಲ್ಲೇ ಉಳಿಯಿತು. 1996ರಲ್ಲಿ ಕಲೋನಿಯಲ್ ಕಸಿನ್ಸ್ ಜೋಡಿ ‘ಕೃಷ್ಣಾ ನೀ ಬೇಗನೆ ಬಾರೋ’ ಎತ್ತಿಕೊಂಡು ಪಾಪ್ ಹಾಡು ಮಾಡಿತು. ನಾನು ಅದನ್ನು ಸಂತೋಷದಿಂದ ಕೇಳಿದ್ದೇನೆ. ವ್ಯಾಸರಾಯರ ಪದ ಹಾಗೆಯೇ ಇದ್ದ ಕಾರಣ ಯಾರಿಗೂ ಮರೆಮಾಚಿದ ಹಾಗಾಗಲಿಲ್ಲ.
ಈ ಹುಡುಗ ಪದ ತೆಗೆದ, ಮಟ್ಟು ಉಳಿಸಿಕೊಂಡ, ಹೆಸರು ಹೇಳಲಿಲ್ಲ. ಕನ್ನಡದ ಬೋರ್ಡುಗಳೇ ಕಡಿಮೆಯಾಗುತ್ತಿರುವ ಈ ಊರಿನಲ್ಲಿ ನಮ್ಮದು ಎಂದು ಕೇಳಿಸುವುದು ಯಕ್ಷಗಾನ ಬಯಲಾಟವೊಂದೇ. ಅದರ ಹೆಸರನ್ನೂ ಅಳಿಸಿದರೆ ನನಗೆ ಸಿಟ್ಟು ಬರುತ್ತದೆ.

ಸ್ಟುಡಿಯೊ_ಉಪ್ಪಳ
ಮಾಷ್ಟ್ರೇ, ನಿಮ್ಮ ಸಿಟ್ಟು ಒಂದೇ ಕಡೆಗೆ ಹರಿಯುತ್ತಿದೆ. ಈಗ ಎಷ್ಟು ಭಾಗವತರು ಸಿನಿಮಾ ಧಾಟಿಯಲ್ಲಿ ಪದ ಹಾಡುವುದಿಲ್ಲ? ಜನ ಚಪ್ಪಾಳೆ ತಟ್ಟುತ್ತಾರೆ. ಸಂಗೀತ ನಿರ್ದೇಶಕರ ಹೆಸರನ್ನು ಮೈಕಿನಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.
ಇನ್ನೊಂದು ಸಂಗತಿ. ನನ್ನ ಸ್ಟುಡಿಯೊಗೆ ಬರುವ ಹುಡುಗರು ಹೆಸರು ಹಾಕಲು ಹೆದರುತ್ತಾರೆ. ‘ಯಕ್ಷಗಾನದ ಮಟ್ಟು’ ಎಂದು ಬರೆದರೆ ಸಾಕು, ಡ್ರಮ್ಸ್ ಹಾಕಿ ಕಲೆಯನ್ನು ಕೆಡಿಸಿದಿರಿ ಎಂದು ಕೆಳಗೆ ಬೈಗುಳ ಸುರಿಯುತ್ತದೆ. ಬರೆಯದಿದ್ದರೆ ಯಾರೂ ಕೇಳುವುದಿಲ್ಲ. ಹಿರಿಯರೇ ಅವರನ್ನು ಸುಮ್ಮನಿರಲು ಕಲಿಸಿದ್ದಾರೆ.

ಮೊಗ್ರಾಲ್_ಇಶಲ್
ನಮ್ಮ ಕಡೆಯ ಮಾತನ್ನೂ ಕೇಳಿ. ಮೊಗ್ರಾಲನ್ನು ಇಶಲ್ ಗ್ರಾಮ ಎಂದೇ ಕರೆಯುತ್ತಾರೆ, ಮಲಬಾರಿನ ಮುಸ್ಲಿಮರ ಮಾಪಿಳೆ ಹಾಡು ಇಲ್ಲಿ ಮನೆಮನೆಯಲ್ಲಿದೆ. ಇಶಲ್ ಎಂದರೆ ಆ ಹಾಡಿನ ಧಾಟಿ. ಹಾಡು ಕಟ್ಟುವ ಕವಿ ತಲೆಬರಹದಲ್ಲೇ ಇಶಲ್ ಯಾವುದೆಂದು ಬರೆಯುತ್ತಾನೆ. 1872ರಲ್ಲಿ ಮೋಯಿನ್‌ಕುಟ್ಟಿ ವೈದ್ಯರ್ ಬರೆದ ‘ಬದರುಲ್ ಮುನೀರ್’ ಕಾವ್ಯದ ಇಶಲ್‌ಗಳಲ್ಲಿ ಆಮೇಲೆ ಎಷ್ಟೋ ಕವಿಗಳು ಹಾಡು ಕಟ್ಟಿದ್ದಾರೆ. ಧಾಟಿ ಪಡೆದವರು ಸಣ್ಣವರಾಗಲಿಲ್ಲ.
2018ರಲ್ಲಿ ‘ಮಾಣಿಕ್ಯ ಮಲರಾಯ ಪೂವಿ’ ಸಿನಿಮಾಕ್ಕೆ ಬಂದು ದೇಶವಿಡೀ ಓಡಿತಲ್ಲ, ಅದು 1978ರಿಂದ ಮದುವೆ ಮನೆಗಳಲ್ಲಿ ಹಾಡುತ್ತಿದ್ದ ಹಾಡು. ಚಿತ್ರದವರು ಬರೆದವರ ಹೆಸರು ಕೊಟ್ಟರು. ಪಿ. ಎಂ. ಎ. ಜಬ್ಬಾರ್ ಎಂಬ ಕವಿ ಬದುಕಿರುವಾಗಲೇ ಜನ ಅವರನ್ನು ಗುರುತಿಸಿದರು, ಮಾತಾಡಿಸಿದರು. ಹೆಸರು ಕೊಟ್ಟದ್ದರಿಂದ ಹೊಸ ಹಾಡಿನ ಮೆರುಗು ಎಲ್ಲಿ ಕಡಿಮೆಯಾಯಿತು?

ಮಂಜೇಶ್ವರ_ವಕೀಲ
ಹುಡುಗನಿಗೆ ತಾನು ಎತ್ತಿದ್ದು ಗೊತ್ತಿಲ್ಲದೆಯೂ ಇರಬಹುದು. ಬಾಲ್ಯದಿಂದ ಆಟ ನೋಡಿ ಬೆಳೆದ ಕಿವಿ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅವರ ‘ಮೈ ಸ್ವೀಟ್ ಲಾರ್ಡ್’ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಲಯ 1976ರಲ್ಲಿ ಹೇಳಿದ್ದು ಅದನ್ನೇ: ಬೇಕೆಂದು ಮಾಡಿದ್ದಲ್ಲ, ಹಿಂದೆ ಕೇಳಿದ ಹಾಡು ಸುಪ್ತಮನಸ್ಸಿನಿಂದ ಬಂದಿದೆ. ಆದರೂ ಹೊಣೆ ತಪ್ಪಲಿಲ್ಲ.

ಕುಂಬಳೆ_ಮಾಷ್ಟ್ರು
ಉಪ್ಪಳದವರ ಮಾತಿನಲ್ಲಿ ಹುರುಳಿದೆ. ಭಾಗವತರು ಸಿನಿಮಾ ಧಾಟಿ ಹಾಡುವುದು ನನಗೂ ಹಿಡಿಸುವುದಿಲ್ಲ, ಅದನ್ನು ವೇಷ ಕಟ್ಟುವ ಚೌಕಿಗೆ ಹೋಗಿ ಹೇಳಿದ್ದೂ ಇದೆ. ಆದರೆ ಆ ಭಾಗವತರು ಸಿನಿಮಾದವರ ಮೇಲೆ ಹಕ್ಕು ಹೂಡಿಲ್ಲ.
ಭಾಮಿನಿ, ಪದದ ಮೊದಲ ಸಾಲು ಕಳುಹಿಸು ತಂಗಿ. ನನ್ನಲ್ಲಿ ಹಳೆಯ ಮುದ್ರಿತ ಪ್ರಸಂಗವಿದೆ, ಆ ಪುಟದ ಚಿತ್ರ ತೆಗೆದು ಕೊಡುತ್ತೇನೆ. ರಾಗ, ತಾಳ ಪದದ ಮೇಲೆಯೇ ಅಚ್ಚಾಗಿರುತ್ತದೆ.

ಮಂಜೇಶ್ವರ_ವಕೀಲ
ಪುಟ ಇರಲಿ, ಆದರೆ ಅದರಲ್ಲಿ ಸ್ವರಲಿಪಿ ಇರುವುದಿಲ್ಲ. ರಾಗ, ತಾಳ ಗೊತ್ತಾದ ಮಾತ್ರಕ್ಕೆ ಮಟ್ಟು ಸಾಬೀತಾಗುವುದಿಲ್ಲ. ಆಲ್ಬಂಗಿಂತ ಮೊದಲಿನ ರೆಕಾರ್ಡಿಂಗೇ ಗಟ್ಟಿ ಪುರಾವೆ. ಬೇರೆ ಭಾಗವತರು ಅದೇ ಪದ ಹಾಡಿದ ಹಳೆಯ ದನಿಯೂ ಸಿಕ್ಕಿದರೆ ಇನ್ನೂ ಒಳ್ಳೆಯದು. ನೋಟಿಸಿನ ಕೆಳಗೆ ಆಕ್ಷೇಪಣೆ ಸಲ್ಲಿಸುವ ಗುಂಡಿ ಇದೆ. ‘ಸಾಂಪ್ರದಾಯಿಕ ಮಟ್ಟು, ರೆಕಾರ್ಡಿಂಗ್ ನಮ್ಮ ಕುಟುಂಬದ್ದು’ ಎಂದು ಬರೆಯಿರಿ. ಅವರಿಗೆ ಉತ್ತರಿಸಲು 30 ದಿನ ಇರುತ್ತದೆ. ಉತ್ತರಿಸದಿದ್ದರೆ ಹಕ್ಕಿನ ಕೋರಿಕೆ ತಾನಾಗಿ ಬಿದ್ದುಹೋಗುತ್ತದೆ.

ಸ್ಟುಡಿಯೊ_ಉಪ್ಪಳ
ಆ ತಂಡದ ಮಿಕ್ಸಿಂಗ್ ಮಾಡಿದವರು ನನಗೆ ಪರಿಚಿತರು. ವಿತರಕರಿಗೆ ಹೇಳಿ ಕೋರಿಕೆ ಹಿಂದಕ್ಕೆ ತೆಗೆಸಲು ಇವತ್ತೇ ಕೇಳುತ್ತೇನೆ. ಆದರೆ ಹಾಡನ್ನೇ ಅಳಿಸಿ ಎಂದು ನಾನು ಹೇಳುವುದಿಲ್ಲ. ಹಾಡು ಚೆನ್ನಾಗಿದೆ.

ಬದಿಯಡ್ಕ_ಭಾಮಿನಿ
ಅಳಿಸುವುದು ಬೇಡ ತಮ್ಮ. ಗಿಟಾರ್ ಇರಲಿ, ಅವರ ಹೆಸರೂ ಇರಲಿ. ವಿವರಣೆಯಲ್ಲಿ ‘ಪಂಚವಟಿ ಪ್ರಸಂಗದ ಯಕ್ಷಗಾನ ಮಟ್ಟು’ ಎಂದು ಸೇರಿಸಲು ಹೇಳು. ಸೇರಿಸಿದ ದಿನ ಅದರ ಕೆಳಗೆ ಮೊದಲ ಮೆಚ್ಚುಗೆ ನಾನೇ ಬರೆಯುತ್ತೇನೆ, ಬೈಯಲು ಬಂದವರಿಗೂ ನಾನೇ ಉತ್ತರ ಕೊಡುತ್ತೇನೆ.