ಚಿತ್ರದಲ್ಲಿ ಸಮ ಅಂತ ಕಾಣುತ್ತದೆ, ಆದರೂ ಅಂಕ ಯಾಕೆ ಹೋಯಿತು?

ಪ್ರಶ್ನೆ: ನಮಸ್ತೆ ಮೇಡಂ, ನಾನು ಒಂಬತ್ತನೇ ತರಗತಿ. ಪಿಕ್ಯೂಆರ್ ತ್ರಿಭುಜದಲ್ಲಿ ಪಿಕ್ಯೂ = ಪಿಆರ್, ಹಾಗಾದರೆ ಕ್ಯೂ ಕೋನ = ಆರ್ ಕೋನ ಅಂತ ಸಾಧಿಸಿ ಅಂತ ಕೇಳಿದ್ದರು. ನಾನು ಪಿ ಇಂದ ಪಾದಕ್ಕೆ ಪಿಎಂ ಎಳೆದೆ, ಅದು ಪಾದಕ್ಕೆ ಲಂಬ, ಪಾದವನ್ನು ಅರ್ಧವೂ ಮಾಡುತ್ತದೆ ಅಂತ ಬರೆದೆ. ಆಮೇಲೆ ಪಿಕ್ಯೂ = ಪಿಆರ್, ಕ್ಯೂ ಕೋನ = ಆರ್ ಕೋನ, ಕ್ಯೂಎಂ = ಆರ್‌ಎಂ, ಹಾಗಾಗಿ ಬಾ.ಕೋ.ಬಾ. (ಬಾಹು-ಕೋನ-ಬಾಹು) ಪ್ರಕಾರ ಎರಡೂ ಕಡೆಯ ತ್ರಿಭುಜಗಳು ಸರ್ವಸಮ ಅಂತ ಮುಗಿಸಿದೆ. 4 ಅಂಕಕ್ಕೆ 1 ಬಂತು. ತಪ್ಪೆಲ್ಲಿ?

ಉತ್ತರ: ನೀನು ಎಳೆದ ಗೆರೆ ಒಳ್ಳೆಯ ಗೆರೆಯೇ. ಆದರೆ ಎರಡು ಕಡೆ ಎಡವಿದ್ದೀಯ. ಕ್ಯೂ ಕೋನ = ಆರ್ ಕೋನ ಅನ್ನುವುದೇ ಸಾಧನೀಯ, ಅದನ್ನೇ ನೀನು ಕಾರಣವಾಗಿ ಬಳಸಿಬಿಟ್ಟೆ. ಇಡೀ ಸಾಧನೆ ಬೀಳೋಕೆ ಇದೊಂದೇ ಸಾಕು.

ಇನ್ನೊಂದು ಸ್ವಲ್ಪ ಸೂಕ್ಷ್ಮ. ಪಿ ಇಂದ ಗೆರೆ ಎಳೆಯುವಾಗ ಅದಕ್ಕೆ ಒಂದೇ ಷರತ್ತು ಹಾಕಬಹುದು. ಪಾದದ ಮಧ್ಯಬಿಂದುವಿಗೆ ಸೇರಿಸು, ಇಲ್ಲವೇ ಲಂಬ ಎಳಿ, ಇಲ್ಲವೇ ಪಿ ಕೋನವನ್ನು ಅರ್ಧ ಮಾಡು. ಸಮದ್ವಿಬಾಹು ತ್ರಿಭುಜದಲ್ಲಿ ಈ ಮೂರೂ ಒಂದೇ ಗೆರೆ ಅನ್ನುವುದು ನಿಜ, ಆದರೆ ಅದು ಸಾಧಿಸಿದ ಮೇಲೆ ಸಿಗುವ ಫಲ, ಮೊದಲೇ ಕೈಯಲ್ಲಿರುವ ದತ್ತ ಅಲ್ಲ. ಚಿತ್ರ ನೋಡಿದರೆ ಹಾಗೆ ಕಾಣುತ್ತದೆ ಅಂತ ಸುಮ್ನೆ ಬರೆಯುವ ಹಾಗಿಲ್ಲ. ಮಧ್ಯಬಿಂದು ಅಂತ ತೆಗೆದುಕೊಂಡರೆ ಪಿಕ್ಯೂ = ಪಿಆರ್ ದತ್ತ, ಕ್ಯೂಎಂ = ಆರ್‌ಎಂ ನಮ್ಮ ರಚನೆಯಿಂದ, ಪಿಎಂ ಎರಡಕ್ಕೂ ಸಾಮಾನ್ಯ ಬಾಹು. ಬಾ.ಬಾ.ಬಾ. ಆಯಿತು. ಕೋನಗಳು ಸಮ ಅನ್ನುವುದು ಅನುರೂಪ ಭಾಗಗಳಾಗಿ ಕೊನೆಯಲ್ಲಿ ತಾನಾಗೇ ಬರುತ್ತದೆ.

ಅದೇ ಹುಡುಗ: ಅರ್ಥ ಆಯ್ತು ಮೇಡಂ. ಆದರೆ ಲಂಬ ಎಳೆದರೆ ಪಿಕ್ಯೂ = ಪಿಆರ್, ಪಿಎಂ ಸಾಮಾನ್ಯ, ಎಂ ಹತ್ತಿರ 90°. ಈ 90° ಆ ಎರಡು ಬಾಹುಗಳ ನಡುವಿನ ಕೋನ ಅಲ್ಲ, ಅಲ್ವಾ? ಬಾ.ಬಾ.ಕೋ. ನಡೆಯಲ್ಲ ಅಂತಾರೆ, ಇಲ್ಲಿ ಹೇಗೆ ನಡೆಯಿತು?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ, ಇದಕ್ಕೆ ಕೈವಾರ ತೆಗಿ. ಎ ಹತ್ತಿರ 30° ಕೋನ ಹಾಕು. ಒಂದು ಕಿರಣದ ಮೇಲೆ 8 ಸೆಂ.ಮೀ. ದೂರದಲ್ಲಿ ಬಿ ಗುರುತಿಸು. ಈಗ ಬಿ ಇಂದ 5 ಸೆಂ.ಮೀ. ತ್ರಿಜ್ಯದ ಕಂಸ ಎಳೆದರೆ ಅದು ಇನ್ನೊಂದು ಕಿರಣವನ್ನು ಎರಡು ಕಡೆ ಕತ್ತರಿಸುತ್ತದೆ, ಎ ಇಂದ ಸುಮಾರು 3.9 ಸೆಂ.ಮೀ. ದೂರದಲ್ಲಿ ಒಂದು, 9.9 ಸೆಂ.ಮೀ. ದೂರದಲ್ಲಿ ಇನ್ನೊಂದು. ಎರಡು ಬಾಹು ಅವೇ, ಕೋನ ಅದೇ, ತ್ರಿಭುಜ ಮಾತ್ರ ಬೇರೆ ಬೇರೆ! ಬಾ.ಬಾ.ಕೋ. ಯಾಕೆ ಒಪ್ಪಲ್ಲ ಅನ್ನುವುದಕ್ಕೆ ಈ ಒಂದು ಚಿತ್ರ ಸಾಕು.

ಈಗ ಎ ಹತ್ತಿರ 90° ಹಾಕಿ, ಆ ಇನ್ನೊಂದು ಕಿರಣವನ್ನು ಎ ಯ ಹಿಂದಕ್ಕೂ ಎಳೆದು, ಕಂಸದ ತ್ರಿಜ್ಯ 10 ಸೆಂ.ಮೀ. ಮಾಡು. ಕಂಸ ಕತ್ತರಿಸುವ ಎರಡು ಬಿಂದುಗಳು ಎ ಯ ಆಚೆ ಈಚೆ, 6 ಸೆಂ.ಮೀ. ದೂರದಲ್ಲೇ ಬೀಳುತ್ತವೆ. ಕನ್ನಡಿಯಲ್ಲಿ ಕಂಡ ಹಾಗೆ, ತ್ರಿಭುಜ ಒಂದೇ. ಅದಕ್ಕೇ ಲಂಬಕೋನ, ವಿಕರ್ಣ (ಲಂಬಕೋನದ ಎದುರಿನ ಬಾಹು), ಬಾಹು ಅನ್ನುವುದು ಪ್ರತ್ಯೇಕ ನಿಯಮ. ಆ ದಾರಿಯಲ್ಲಿ ಬರೆಯುವಾಗ 90° ಇದೆ, ಪಿಕ್ಯೂ ಮತ್ತು ಪಿಆರ್ ವಿಕರ್ಣಗಳು ಅಂತ ತಪ್ಪದೆ ಬರೆ.

ಇನ್ನೊಬ್ಬ ಸದಸ್ಯರು: ಗೆರೆ ಎಳೆಯದೇ ಸಾಧಿಸಬಹುದು ಅಂತ ಕೇಳಿದ್ದೆ, ನಿಜವಾ?

ಉತ್ತರ: ನಿಜ. ಪ್ರಾಚೀನ ಗ್ರೀಕ್ ಗಣಿತಜ್ಞ, ಅಲೆಕ್ಸಾಂಡ್ರಿಯಾದ ಪಪ್ಪಸ್ ತೋರಿಸಿದ ದಾರಿ ಅದು, ನನಗೆ ತುಂಬಾ ಇಷ್ಟ. ಪಿಕ್ಯೂಆರ್ ತ್ರಿಭುಜವನ್ನು ಪಿಆರ್‌ಕ್ಯೂ ಜೊತೆ, ಅಂದರೆ ಅದನ್ನೇ ಮಗುಚಿ ಹಾಕಿದ ಹಾಗೆ, ಹೋಲಿಸಿ. ಪಿಕ್ಯೂ = ಪಿಆರ್, ಪಿ ಕೋನ ಎರಡರಲ್ಲೂ ಅದೇ, ಪಿಆರ್ = ಪಿಕ್ಯೂ. ಬಾ.ಕೋ.ಬಾ. ಪ್ರಕಾರ ಸರ್ವಸಮ, ಹಾಗಾಗಿ ಕ್ಯೂ ಕೋನ = ಆರ್ ಕೋನ. ಇಲ್ಲಿ ಶೃಂಗಗಳ ಕ್ರಮವೇ ಎಲ್ಲಾ. ಎರಡೂ ಕಡೆ ಪಿಕ್ಯೂಆರ್ ಅಂತಲೇ ಬರೆದರೆ ಏನೂ ಸಿಗುವುದಿಲ್ಲ.