ಸಹಾಯ ಬೇಕು: ‘ಬ್ಲೀಕ್ ಹೌಸ್’ ಚಿತ್ರಗಳು ಉಕ್ಕಿನ ತಗಡಿನವೋ, ಕಲ್ಲಚ್ಚಿನವೋ?

ಎಲ್ಲರಿಗೂ ನಮಸ್ಕಾರ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಸಿಕ್ಕಿತು. ಶೀರ್ಷಿಕೆ ಪುಟವೇ ಹರಿದುಹೋಗಿದೆ, ಹಾಗಾಗಿ ಇಸವಿ ತಿಳಿಯುತ್ತಿಲ್ಲ. ಚಿತ್ರಗಳು ಮಾತ್ರ ಎಲ್ಲವೂ ಇವೆ, ಪುಣ್ಯ.

ಈ ಕಾದಂಬರಿ 1852–53ರಲ್ಲಿ ತಿಂಗಳ ಕಂತುಗಳಾಗಿ ಬಂದದ್ದು. ಕಂತಿಗೆ ಒಂದು ಷಿಲ್ಲಿಂಗ್, ಅದರಲ್ಲಿ ಎರಡು ಚಿತ್ರ. ಚಿತ್ರ ಬರೆದವನು ‘ಫಿಜ್’ ಎಂದೇ ಹೆಸರಾದ ಹ್ಯಾಬ್ಲೊ ನೈಟ್ ಬ್ರೌನ್. ಒಟ್ಟು 40 ಚಿತ್ರಗಳಲ್ಲಿ 10 ಗಾಢ ಕತ್ತಲಿನವು. ಉಕ್ಕಿನ ತಗಡಿನ ಮೇಲೆ ಯಂತ್ರದಿಂದ ಒತ್ತೊತ್ತಾಗಿ ಸಣ್ಣ ಗೆರೆ ಎಳೆಸಿ, ಬೆಳಕು ಬೇಕಾದ ಕಡೆ ಆಮ್ಲ ತಾಗದಂತೆ ಮುಚ್ಚಿ, ಉಳಿದದ್ದನ್ನು ಆಮ್ಲ ತಿನ್ನಲು ಬಿಡುತ್ತಿದ್ದರು. ಲಂಡನ್ನಿನ ಮಂಜು, ಮಸಿ ಎಲ್ಲ ಆ ಗೆರೆಗಳಲ್ಲೇ ಇದೆ.

ನನ್ನ ತೊಡಕು ಇದು. ಸ್ಮಶಾನದ ಗೇಟಿನ ಮುಂದೆ, ಮೆಟ್ಟಿಲ ಮೇಲೆ ಹೆಂಗಸು ಬಿದ್ದಿರುವ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ನೆರಳಿರುವ ಕಡೆ ಗೆರೆಗಳು ಬಿಡಿಬಿಡಿಯಾಗಿ ಕಾಣದೆ ಕಲಸಿಕೊಂಡಿವೆ. ತಗಡಿನ ಅಚ್ಚಿನಲ್ಲಿ ಇರಬೇಕಾದ ಶಾಯಿಯ ಉಬ್ಬು ಬೆರಳಾಡಿಸಿದರೆ ತಗಲುವುದಿಲ್ಲ. ಅಂಚಿನಲ್ಲಿ ತಗಡು ಒತ್ತಿದ ಗುರುತೂ ಇಲ್ಲ. ಬೈಂಡಿನವರು ಕತ್ತರಿಸಿದ್ದರೂ ಇರಬಹುದು, ಅವರ ಕೈಗೆ ಕತ್ತರಿ ಕೊಡಬಾರದು!

ಇದು ಸವೆದ ತಗಡಿನಿಂದ ತೆಗೆದದ್ದೋ, ಆಮೇಲೆ ನುಣುಪು ಕಲ್ಲಿನ ಮೇಲಿಂದ ಒತ್ತಿದ ಕಲ್ಲಚ್ಚಿನ (ಲಿಥೊಗ್ರಾಫ್) ನಕಲೋ? ಹಳೆಯ ಮುದ್ರಣ ಕಂಡವರು, ಚಿತ್ರಕಲೆ ಓದಿದವರು ದಯವಿಟ್ಟು ತಿಳಿಸಿ. ಕತ್ತಲ ಭಾಗ ಬರೀ ಕಪ್ಪು ಮುದ್ದೆಯಾಗದಂತೆ ಮೊಬೈಲಿನಲ್ಲಿ ಫೋಟೊ ತೆಗೆಯುವ ಬಗೆಯನ್ನೂ ಹೇಳಿಕೊಟ್ಟರೆ ಇಲ್ಲಿಯೇ ಹಾಕುತ್ತೇನೆ.